ಒಂದೇ ಸಹಿಗೆ ವೀಸಾ ನಿಯಮ ಬದಲಾಗುತ್ತಲ್ಲ, ಅಮೆರಿಕದ ಸಂಸತ್ತು ಎಲ್ಲಿದೆ?

ಪ್ರಶ್ನೆ: ನನ್ನ ತಮ್ಮ ಎಚ್-1ಬಿ ವೀಸಾದ ಮೇಲೆ ಅಮೆರಿಕಕ್ಕೆ ಹೋಗಿ 11 ವರ್ಷ ಆಯಿತು. ಗ್ರೀನ್ ಕಾರ್ಡಿನ ಸರದಿಯಲ್ಲಿ ಕಾಯುತ್ತಿದ್ದಾನೆ. ಅವನ ಹೆಂಡತಿಯೂ ಅಲ್ಲೇ ಕೆಲಸ ಮಾಡುತ್ತಾಳೆ. ಭಾರತದಲ್ಲಿ ಹುಟ್ಟಿದ ಮಗಳಿಗೆ ಈಗ 14. ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಸುದ್ದಿ ಬಂದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಅಧ್ಯಕ್ಷರು ಸಹಿ ಹಾಕಿದರೆ ಮುಗಿಯಿತಾ? ಅಲ್ಲಿ ಸಂಸತ್ತು ಅಂತ ಒಂದಿದೆಯಲ್ಲ, ಅದು ತಡೆಯುವುದಿಲ್ಲವೇ? ವಲಸೆ ಕಾಯಿದೆ ಸುಧಾರಣೆ ಅಂತ ಇಷ್ಟು ವರ್ಷದಿಂದ ಕೇಳುತ್ತಿದ್ದೇವೆ, ಯಾಕೆ ಆಗುತ್ತಿಲ್ಲ?

ಉತ್ತರ: ನಿಮ್ಮ ಮನೆಯ ಆ ರಾತ್ರಿ ನನಗೆ ಅರ್ಥವಾಗುತ್ತದೆ. ಅಂಥ ರಾತ್ರಿ ಕಳೆದ ಅನೇಕರು ನನಗೂ ಬರೆದಿದ್ದಾರೆ. ಹೆಚ್ಚಿನವರ ಸಿಟ್ಟು ಅಧ್ಯಕ್ಷರ ಮೇಲೆ. ನೀವು ಸಂಸತ್ತು ಏನು ಮಾಡುತ್ತಿದೆ ಅಂತ ಕೇಳಿದ್ದೀರಿ. ಸರಿಯಾದ ಪ್ರಶ್ನೆ ಅದೇ. ಇಲ್ಲಿ ನಾನು ಕಾಂಗ್ರೆಸ್ ಅಂದಾಗಲೆಲ್ಲ ಅಮೆರಿಕದ ಸಂಸತ್ತು ಅಂತ ಓದಿಕೊಳ್ಳಿ, ನಮ್ಮ ದೇಶದ ಪಕ್ಷವಲ್ಲ. ಅದರಲ್ಲಿ ಎರಡು ಸದನ: 435 ಸದಸ್ಯರ ಪ್ರತಿನಿಧಿಗಳ ಸದನ, 100 ಸದಸ್ಯರ ಸೆನೆಟ್.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ವಲಸೆ ವಿಷಯದಲ್ಲಿ ಅಧ್ಯಕ್ಷರು ಬಳಸುವ ಅಧಿಕಾರದ ಬಹುಪಾಲು ಕಾಂಗ್ರೆಸ್ಸೇ ಕಾಯಿದೆಯಲ್ಲಿ ಬರೆದು ಕೊಟ್ಟದ್ದು. ಕೊಟ್ಟದ್ದನ್ನು ವಾಪಸ್ ಪಡೆಯಲು ಮಾತ್ರ ಹೆಚ್ಚೂಕಡಿಮೆ ಮೂರರಲ್ಲಿ ಎರಡು ಪಾಲು ಮತ ಬೇಕು. ಹೀಗಾದದ್ದು ಹೇಗೆ ಅನ್ನುವುದರ ಹಿಂದೆ ಒಬ್ಬ ಭಾರತೀಯ ಮೂಲದ ವಿದ್ಯಾರ್ಥಿಯ ಕಥೆಯೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ತಮ್ಮನ ಮನೆಯಿಂದಲೇ ಶುರು ಮಾಡೋಣ. ಅಲ್ಲಿ ಮೂರು ಬಗೆಯ ಕಾಗದ ಕೆಲಸ ಮಾಡುತ್ತಿವೆ.

ಎಚ್-1ಬಿ ವೀಸಾಕ್ಕೆ ಸಾಮಾನ್ಯವಾಗಿ ಆರು ವರ್ಷದ ಮಿತಿ. ಹಾಗಿದ್ದರೂ ನಿಮ್ಮ ತಮ್ಮ 11 ವರ್ಷದಿಂದ ಅಲ್ಲಿದ್ದಾರೆ. ಯಾಕೆಂದರೆ 2000ನೇ ಇಸವಿಯಲ್ಲಿ ಕಾಂಗ್ರೆಸ್ ಒಂದು ಕಾಯಿದೆ ಮಾಡಿತು. ಗ್ರೀನ್ ಕಾರ್ಡಿನ ಅರ್ಜಿ ಒಪ್ಪಿಗೆಯಾಗಿ, ಒಂದು ದೇಶದವರಿಗೆ ವರ್ಷಕ್ಕೆ ಇಷ್ಟೇ ಕಾರ್ಡು ಎಂಬ ದೇಶವಾರು ಮಿತಿಯಿಂದಾಗಿ ಸರದಿ ಬಾರದೇ ಇದ್ದರೆ ಮೂರು ಮೂರು ವರ್ಷ ವೀಸಾ ಮುಂದುವರಿಸಬಹುದು ಎಂದು ಅದರಲ್ಲಿ ಬರೆದಿದೆ. ಇದು ಎರಡೂ ಸದನ ಒಪ್ಪಿ, ಅಧ್ಯಕ್ಷರು ಸಹಿ ಹಾಕಿದ ಕಾಯಿದೆ. ಯಾವ ಅಧ್ಯಕ್ಷರೂ ಬೆಳಿಗ್ಗೆ ಎದ್ದು ಇದನ್ನು ಹರಿದುಹಾಕುವಂತಿಲ್ಲ.

ಅವರ ಹೆಂಡತಿ, ಎಚ್-1ಬಿಯವರ ಗಂಡ ಅಥವಾ ಹೆಂಡತಿಗೆ ಕೊಡುವ ಎಚ್-4 ವೀಸಾದ ಮೇಲೆ ಕೆಲಸ ಮಾಡುತ್ತಿದ್ದರೆ ಅದು ಬೇರೆ ಕಾಗದ. ಆ ಅನುಮತಿ ಕಾಯಿದೆಯಲ್ಲಿಲ್ಲ. 2015ರಲ್ಲಿ ಆಂತರಿಕ ಭದ್ರತಾ ಇಲಾಖೆ ಮಾಡಿದ ನಿಯಮದಲ್ಲಿದೆ. ಇಲಾಖೆ ಬರೆದ ನಿಯಮವನ್ನು ಇಲಾಖೆಯೇ ಅಳಿಸಬಹುದು. ಕರಡು ಹೊರಡಿಸಬೇಕು, ಜನರ ಅಭಿಪ್ರಾಯ ಕೇಳಬೇಕು, ಕಾರಣ ಕೊಡಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ, ಆದರೆ ಅಳಿಸಬಹುದು. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಅಳಿಸುತ್ತೇವೆ ಎಂದು ಹೇಳಿದ್ದರು, ಮಾಡಿ ಮುಗಿಸಲಿಲ್ಲ ಅಷ್ಟೇ. ಇದಕ್ಕೆ ಎಲ್-1 ವೀಸಾದವರ, ಅಂದರೆ ಕಂಪನಿಯೇ ತನ್ನ ಬೇರೆ ದೇಶದ ಕಚೇರಿಯಿಂದ ಕಳಿಸಿದವರ, ಗಂಡ ಅಥವಾ ಹೆಂಡತಿಯನ್ನು ಹೋಲಿಸಿ ನೋಡಿ. ಅವರಿಗೆ ಕೆಲಸದ ಹಕ್ಕನ್ನು 2002ರ ಜನವರಿಯಲ್ಲಿ ಕಾಂಗ್ರೆಸ್ಸೇ ಕಾಯಿದೆ ಮಾಡಿ ಕೊಟ್ಟಿತು. ಆ ಮನೆಗಳಲ್ಲಿ ಈ ಭಯವೇ ಇಲ್ಲ. ಒಂದೇ ಕಚೇರಿಯಲ್ಲಿ ಕೆಲಸ ಮಾಡುವ ಇಬ್ಬರು, ಒಂದೇ ಊರಿನಲ್ಲಿ ವಾಸ. ಒಬ್ಬರ ಹೆಂಡತಿಯ ಉದ್ಯೋಗಕ್ಕೆ ಕಾಯಿದೆಯ ಗೋಡೆ, ಇನ್ನೊಬ್ಬರ ಹೆಂಡತಿಯ ಉದ್ಯೋಗಕ್ಕೆ ಇಲಾಖೆಯ ಪರದೆ.

ಇನ್ನು ಮೂರನೆಯದು ಅಧ್ಯಕ್ಷರ ಘೋಷಣೆ. ಒಂದು ಲಕ್ಷ ಡಾಲರ್ ಬಂದದ್ದು ಇದರಲ್ಲಿ. 2025ರ ಸೆಪ್ಟೆಂಬರ್ 19ರಂದು ಸಹಿ ಆಯಿತು, 21ರಿಂದ ಜಾರಿ. ಕರಡಿಲ್ಲ, ಅಭಿಪ್ರಾಯ ಕೇಳುವುದಿಲ್ಲ, ಮತದಾನವಿಲ್ಲ. ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರ ನವೀಕರಣಕ್ಕಲ್ಲ ಎಂದು ಮರುದಿನ ಸ್ಪಷ್ಟನೆ ಬಂತು. ಅಷ್ಟರಲ್ಲಿ ಎಷ್ಟೋ ಜನ ವಿಮಾನ ನಿಲ್ದಾಣಕ್ಕೆ ಓಡಿದ್ದರು.

ಈ ಘೋಷಣೆಗೆ ಅಧಿಕಾರ ಎಲ್ಲಿಂದ ಬಂತು? 1952ರ ವಲಸೆ ಮತ್ತು ಪೌರತ್ವ ಕಾಯಿದೆಯ ಸೆಕ್ಷನ್ 212(ಎಫ್) ಇಂದ. ಯಾವುದೇ ವಿದೇಶಿಯರ ಅಥವಾ ಯಾವುದೇ ವರ್ಗದ ವಿದೇಶಿಯರ ಪ್ರವೇಶ ದೇಶದ ಹಿತಕ್ಕೆ ಧಕ್ಕೆ ಅಂತ ಅಧ್ಯಕ್ಷರಿಗೆ ಕಂಡರೆ, ತಮಗೆ ಬೇಕೆನಿಸಿದಷ್ಟು ಕಾಲ ಅದನ್ನು ನಿಲ್ಲಿಸಬಹುದು, ಇಲ್ಲವೇ ನಿರ್ಬಂಧ ಹಾಕಬಹುದು ಎನ್ನುತ್ತದೆ ಅದು. ಎಷ್ಟು ಅಗಲವಾಗಿದೆ ನೋಡಿ.

ಅಮೆರಿಕದ ಸಂವಿಧಾನವನ್ನು ತೆರೆದರೆ ಅದರಲ್ಲಿ ಇಮಿಗ್ರೇಶನ್ (ಒಳವಲಸೆ) ಎಂಬ ಪದವೇ ಸಿಗುವುದಿಲ್ಲ. ಪೌರತ್ವ ಕೊಡುವ ಒಂದೇ ಸಮನಾದ ನಿಯಮ ಮಾಡುವ ಅಧಿಕಾರ ಕಾಂಗ್ರೆಸ್ಸಿಗೆ ಎಂದು ಮೊದಲ ವಿಧಿಯಲ್ಲಿದೆ. ಆಮೇಲೆ ಸುಪ್ರೀಂ ಕೋರ್ಟ್ ಒಂದೊಂದೇ ತೀರ್ಪಿನಲ್ಲಿ ಯಾರು ಒಳಗೆ ಬರಬಹುದು ಎಂದು ತೀರ್ಮಾನಿಸುವುದನ್ನೂ ಕಾಂಗ್ರೆಸ್ಸಿನ ಕೈಗೇ ಒಪ್ಪಿಸಿತು. ಚೀನೀಯರನ್ನು ಹೊರಗಿಟ್ಟ 1882ರ ಕಾಯಿದೆ ಕಾಂಗ್ರೆಸ್ಸಿನದು. ನಮ್ಮವರಿಗೆ ಬಾಗಿಲು ಮುಚ್ಚಿದ 1917ರ ಕಾಯಿದೆಯೂ ಅದರದ್ದೇ. ಆ ಬಾಗಿಲನ್ನು ಒಂದಿಷ್ಟು ತೆರೆದದ್ದೂ ಕಾಂಗ್ರೆಸ್ಸೇ: 1946ರ ಕಾಯಿದೆ ಭಾರತಕ್ಕೆ ವರ್ಷಕ್ಕೆ 100 ಜನರ ಪಾಲು ಕೊಟ್ಟಿತು, ಜೊತೆಗೆ ಭಾರತೀಯರು ಅಮೆರಿಕದ ಪ್ರಜೆಗಳಾಗಬಹುದು ಎಂದಿತು. ಅದರಿಂದ ಪೌರತ್ವ ಪಡೆದವರಲ್ಲಿ ದಲೀಪ್ ಸಿಂಗ್ ಸೌಂಧ್ ಒಬ್ಬರು. 1956ರಲ್ಲಿ ಅವರು ಕ್ಯಾಲಿಫೋರ್ನಿಯಾದಿಂದ ಗೆದ್ದು ಪ್ರತಿನಿಧಿಗಳ ಸದನದಲ್ಲೇ ಕುಳಿತರು. ಹತ್ತು ವರ್ಷದ ಹಿಂದೆ ತಮಗೆ ಪೌರತ್ವವೇ ಸಿಗುತ್ತಿರಲಿಲ್ಲ ಎಂಬುದನ್ನು ಆ ಕುರ್ಚಿಯಲ್ಲಿ ಕೂತು ಅವರು ಎಷ್ಟು ಸಲ ನೆನೆದಿರಬೇಕೋ! 1965ರಲ್ಲಿ ದೇಶ ನೋಡಿ ಪಾಲು ಹಂಚುವ ಹಳೇ ಪದ್ಧತಿಯನ್ನೂ ಕಾಂಗ್ರೆಸ್ ಕಿತ್ತುಹಾಕಿತು. ದೊಡ್ಡ ಬದಲಾವಣೆ ಆದದ್ದೆಲ್ಲ ಆ ಕಟ್ಟಡದೊಳಗೇ.

1952ರ ಜೂನ್ ತಿಂಗಳು ನನಗೆ ಬಹಳ ಮುಖ್ಯ ಅನಿಸುತ್ತದೆ. ಕೊರಿಯಾ ಯುದ್ಧ ನಡೆಯುತ್ತಿತ್ತು. ಮುಷ್ಕರದ ಭಯದಿಂದ ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಿದ್ದರು. ಜೂನ್ 2ರಂದು ಸುಪ್ರೀಂ ಕೋರ್ಟ್ 6-3ರಲ್ಲಿ, ಕಾಂಗ್ರೆಸ್ ಕೊಡದ ಅಧಿಕಾರ ನಿಮಗಿಲ್ಲ ಎಂದಿತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಜಾಕ್ಸನ್ ಬರೆದ ಮಾತು ಇವತ್ತಿಗೂ ಅಳತೆಗೋಲು: ಕಾಂಗ್ರೆಸ್ ಅನುಮತಿ ಇದ್ದಾಗ ಅಧ್ಯಕ್ಷರ ಬಲ ಅತಿ ಜಾಸ್ತಿ, ಕಾಂಗ್ರೆಸ್ ಸುಮ್ಮನಿದ್ದಾಗ ಮಸುಕು, ಕಾಂಗ್ರೆಸ್ ಬೇಡ ಎಂದಾಗ ಅತಿ ಕಡಿಮೆ. ಅದೇ ತಿಂಗಳ ಕೊನೆಗೆ ಕಾಂಗ್ರೆಸ್, ಟ್ರೂಮನ್ ಒಪ್ಪದೆ ವೀಟೊ ಹಾಕಿ ತಿರುಗಿಸಿ ಕಳಿಸಿದ್ದ ವಲಸೆ ಕಾಯಿದೆಯನ್ನು ಮೂರರಲ್ಲಿ ಎರಡು ಪಾಲು ಮತದಿಂದ ಮತ್ತೆ ಪಾಸು ಮಾಡಿತು. 212(ಎಫ್) ಬಂದದ್ದು ಅದರೊಳಗೆ ಕೂತು. ಅಂದರೆ ಒಂದೇ ತಿಂಗಳಲ್ಲಿ ಕೋರ್ಟ್ ಅಧ್ಯಕ್ಷರ ಕೈ ಕಟ್ಟಿತು, ಕಾಂಗ್ರೆಸ್ ಅಧ್ಯಕ್ಷರಿಗೇ ಬೇಡವಾದ ಕಾಯಿದೆಯ ಮೂಲಕ ಮುಂದಿನ ಎಲ್ಲ ಅಧ್ಯಕ್ಷರ ಕೈಗೆ ಒಂದು ಬೀಗದ ಕೈ ಕೊಟ್ಟಿತು.

2018ರಲ್ಲಿ ಆ ಬೀಗದ ಕೈ ಸುಪ್ರೀಂ ಕೋರ್ಟಿನ ಮುಂದೆ ಬಂತು. ಕೆಲವು ದೇಶಗಳವರ ಪ್ರವೇಶಕ್ಕೆ ಟ್ರಂಪ್ ಹಾಕಿದ್ದ ನಿಷೇಧದ ಕೇಸು. ಕೋರ್ಟ್ 5-4ರಲ್ಲಿ ನಿಷೇಧವನ್ನು ಎತ್ತಿಹಿಡಿಯಿತು. 212(ಎಫ್) ಸಾಲು ಸಾಲಿನಲ್ಲೂ ತೀರ್ಮಾನವನ್ನು ಅಧ್ಯಕ್ಷರಿಗೇ ಬಿಟ್ಟುಕೊಟ್ಟಿದೆ ಎಂಬುದು ಬಹುಮತದ ವಾದ. ತೀರ್ಪು ನನಗೆ ನೋವು ತಂದಿತು. ಆದರೆ ಸೆಕ್ಷನ್ನಿನ ಪದಗಳನ್ನು ಓದಿದರೆ, ಅಷ್ಟು ಅಗಲವಾಗಿ ಬರೆದವರ ಮೇಲೂ ತಪ್ಪಿದೆ ಎಂದು ಒಪ್ಪಲೇಬೇಕು.

ಹಾಗಾದರೆ ಕಾಂಗ್ರೆಸ್ ಕೊಟ್ಟದ್ದರ ಮೇಲೆ ಒಂದು ಕಣ್ಣಾದರೂ ಇಟ್ಟುಕೊಳ್ಳಲಿಲ್ಲವೇ? ಇಟ್ಟುಕೊಂಡಿತ್ತು. ಜಗದೀಶ್ ರಾಯ್ ಛಡ್ಢಾ ಅವರ ಕೇಸು ಬರುವುದು ಇಲ್ಲೇ.

ಕೀನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದವರು, ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್. 1966ರಲ್ಲಿ ವಿದ್ಯಾರ್ಥಿ ವೀಸಾದ ಮೇಲೆ ಅಮೆರಿಕಕ್ಕೆ ಬಂದು ಒಹಾಯೊದಲ್ಲಿ ಓದಿದರು. 1972ರಲ್ಲಿ ವೀಸಾ ಮುಗಿಯಿತು. ಹೋಗೋಣವೆಂದರೆ ಯಾವ ದೇಶ ತಮ್ಮದು ಎಂಬುದೇ ಗೊಂದಲ. ಗಡೀಪಾರಿನ ವಿಚಾರಣೆ ಶುರುವಾಯಿತು. ಇವರನ್ನು ಕಳಿಸಿದರೆ ತುಂಬಾ ಕಷ್ಟಕ್ಕೆ ಸಿಕ್ಕುತ್ತಾರೆ ಎಂದು 1974ರಲ್ಲಿ ವಲಸೆ ನ್ಯಾಯಾಧೀಶರು ಗಡೀಪಾರನ್ನು ತಡೆದರು. ಅಂಥ ತೀರ್ಮಾನಗಳ ಪಟ್ಟಿ ಕಾಂಗ್ರೆಸ್ಸಿಗೆ ಹೋಗಬೇಕಿತ್ತು. ಎರಡರಲ್ಲಿ ಯಾವುದಾದರೂ ಒಂದು ಸದನ ಬೇಡ ಎಂದರೆ ತೀರ್ಮಾನ ಬಿದ್ದುಹೋಗುತ್ತಿತ್ತು. ಅದಕ್ಕೆ ಅಧ್ಯಕ್ಷರ ಸಹಿ ಬೇಕಿರಲಿಲ್ಲ. ಇದನ್ನು ಶಾಸಕಾಂಗದ ವೀಟೊ ಅನ್ನುತ್ತಿದ್ದರು.

1975ರ ಡಿಸೆಂಬರಿನಲ್ಲಿ 340 ಜನರ ಪಟ್ಟಿಯಿಂದ ಆರು ಹೆಸರನ್ನು ಪ್ರತಿನಿಧಿಗಳ ಸದನ ಬೇರೆ ಮಾಡಿ ಬೇಡ ಎಂದಿತು. ಛಡ್ಢಾ ಅವರದ್ದು ಅದರಲ್ಲಿತ್ತು. ಚರ್ಚೆ ಇಲ್ಲ, ಮತ ಎಣಿಕೆ ಇಲ್ಲ. ಯಾಕೆ ಈ ಆರು ಜನ ಎಂದು ಅವರಿಗೂ ಯಾರೂ ವಿವರಿಸಿ ಹೇಳಲಿಲ್ಲ. ಕೇಸು ಎಂಟು ವರ್ಷ ನಡೆದು ಸುಪ್ರೀಂ ಕೋರ್ಟ್ ಮುಟ್ಟಿತು. 1983ರ ಜೂನ್ 23ರಂದು 7-2ರ ತೀರ್ಪು: ಕಾಂಗ್ರೆಸ್ ಏನೇ ಮಾಡುವುದಿದ್ದರೂ ಎರಡೂ ಸದನ ಒಪ್ಪಿ, ಅಧ್ಯಕ್ಷರ ಮುಂದೆ ಇಟ್ಟೇ ಮಾಡಬೇಕು. ಒಂದೇ ಸದನದ ವೀಟೊ ನಡೆಯುವುದಿಲ್ಲ.

ಛಡ್ಢಾ ಗೆದ್ದರು, ಅಮೆರಿಕದಲ್ಲೇ ಉಳಿದರು. ಒಬ್ಬ ಮನುಷ್ಯನ ಬದುಕನ್ನು ಕಾರಣ ಹೇಳದೆ ಒಂದು ಸದನ ಮುರಿಯಬಾರದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ತೀರ್ಪಿನ ಇನ್ನೊಂದು ಮುಖ ಆಗ ಬಹಳ ಜನಕ್ಕೆ ಕಾಣಲಿಲ್ಲ. ಒಪ್ಪದೆ ಬರೆದ ನ್ಯಾಯಮೂರ್ತಿ ವೈಟ್ ಅದನ್ನು ಕಂಡಿದ್ದರು. ಸುಮಾರು 200 ಕಾಯಿದೆಗಳಲ್ಲಿ ಇಂಥ ವೀಟೊ ಇದೆ, ಎಲ್ಲವೂ ಒಂದೇ ಏಟಿಗೆ ಹೋದವು ಎಂದು ಅವರು ಎಚ್ಚರಿಸಿದರು. ಕಾಂಗ್ರೆಸ್ ಅಧಿಕಾರ ಕೊಡುವಾಗ ಹಗ್ಗ ಕಟ್ಟಿ ಕೊಟ್ಟಿತ್ತು. ಹಗ್ಗ ಕಡಿಯಿತು, ಅಧಿಕಾರ ಅಲ್ಲೇ ಉಳಿಯಿತು.

ಕಡಿದ ಹಗ್ಗಗಳಲ್ಲಿ ಒಂದು ರಾಷ್ಟ್ರೀಯ ತುರ್ತು ಪರಿಸ್ಥಿತಿಯ ಕಾಯಿದೆಯದು. 1976ರಲ್ಲಿ ಅದನ್ನು ಬರೆದಾಗ, ಎರಡೂ ಸದನ ಸಾಮಾನ್ಯ ಬಹುಮತದಿಂದ ಬೇಡ ಎಂದರೆ ಸಾಕು, ಅಧ್ಯಕ್ಷರು ಸಾರಿದ ತುರ್ತು ಪರಿಸ್ಥಿತಿ ಅಲ್ಲಿಗೇ ಮುಗಿಯುತ್ತಿತ್ತು. ಛಡ್ಢಾ ತೀರ್ಪಿನ ನಂತರ, 1985ರಲ್ಲಿ ಅದನ್ನು ತಿದ್ದಬೇಕಾಯಿತು. ಈಗ ಆ ನಿರ್ಣಯವೂ ಅಧ್ಯಕ್ಷರ ಮೇಜಿಗೆ ಹೋಗಬೇಕು. ಯಾರ ವಿರುದ್ಧ ನಿರ್ಣಯವೋ ಅವರೇ ವೀಟೊ ಹಾಕಬಹುದು.

ಇದರ ಫಲ ಏನೆಂದು 2019ರಲ್ಲಿ ಎಲ್ಲರಿಗೂ ಕಂಡಿತು. ಮೆಕ್ಸಿಕೊ ಗಡಿಯ ಗೋಡೆಗೆ ಟ್ರಂಪ್ 570 ಕೋಟಿ ಡಾಲರ್ ಕೇಳಿದ್ದರು. ಕಾಂಗ್ರೆಸ್ ಕೊಡಲಿಲ್ಲ. 35 ದಿನ ಸರ್ಕಾರದ ಎಷ್ಟೋ ಇಲಾಖೆಗಳು ಬಾಗಿಲು ಹಾಕಿದವು. ಕೊನೆಗೆ ಕಾಂಗ್ರೆಸ್ ಕೊಟ್ಟದ್ದು 137.5 ಕೋಟಿ. ಅಧ್ಯಕ್ಷರು ಆ ಮಸೂದೆಗೆ ಸಹಿ ಹಾಕಿದ ದಿನವೇ, ಫೆಬ್ರವರಿ 15ರಂದು, ತುರ್ತು ಪರಿಸ್ಥಿತಿ ಸಾರಿದರು. ಸೇನೆಯ ಕಟ್ಟಡ ಕಾಮಗಾರಿಗೆ ಇಟ್ಟಿದ್ದ 360 ಕೋಟಿ ಡಾಲರನ್ನು ಗೋಡೆಗೆ ತಿರುಗಿಸುವುದು ಉದ್ದೇಶ. ಕಾಂಗ್ರೆಸ್ ತಿರುಗಿಬಿತ್ತು. ಪ್ರತಿನಿಧಿಗಳ ಸದನ 245-182ರಲ್ಲಿ, ಸೆನೆಟ್ 59-41ರಲ್ಲಿ ಬೇಡ ಎಂದವು. ಸೆನೆಟ್ಟಿನಲ್ಲಿ ಅಧ್ಯಕ್ಷರ ಪಕ್ಷದವರೇ 12 ಜನ ವಿರುದ್ಧ ಮತ ಹಾಕಿದರು. ಅಧ್ಯಕ್ಷರು ಮರುದಿನ ವೀಟೊ ಹಾಕಿದರು. ಅದನ್ನು ಮೀರಲು ಪ್ರತಿನಿಧಿಗಳ ಸದನದಲ್ಲಿ ಸಿಕ್ಕಿದ್ದು 248-181. ಮೂರರಲ್ಲಿ ಎರಡು ಪಾಲು ಆಗಲಿಲ್ಲ. ಅದೇ ವರ್ಷ ಇನ್ನೊಮ್ಮೆ ನಿರ್ಣಯ ಪಾಸಾಯಿತು, ಇನ್ನೊಮ್ಮೆ ವೀಟೊ ಬಿತ್ತು.

ಸಂಸತ್ತು ತಡೆಯುವುದಿಲ್ಲವೇ ಅಂತ ಕೇಳಿದಿರಲ್ಲ? ಎರಡೂ ಸದನಗಳ ಸ್ಪಷ್ಟ ಬಹುಮತ ತಡೆಯಲು ಹೊರಟಿತ್ತು. ಆದರೂ ಆಗಲಿಲ್ಲ.

ಇನ್ನು ಸುಧಾರಣೆಯ ಮಾತು. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡು ವರ್ಷಕ್ಕೆ 1,40,000. ಒಂದು ದೇಶದವರಿಗೆ ಶೇಕಡಾ 7ಕ್ಕಿಂತ ಜಾಸ್ತಿ ಇಲ್ಲ, ಅಂದರೆ ಸುಮಾರು 9,800. ಹೆಂಡತಿ ಮಕ್ಕಳೂ ಈ ಲೆಕ್ಕದೊಳಗೇ ಬರುತ್ತಾರೆ. ಭಾರತಕ್ಕೂ ಅಷ್ಟೇ, ಕೆಲವೇ ಲಕ್ಷ ಜನರಿರುವ ಐಸ್‌ಲ್ಯಾಂಡಿಗೂ ಅಷ್ಟೇ ಮಿತಿ. ಬೇರೆಯವರು ಬಳಸದೆ ಉಳಿದದ್ದು ಕೆಲವು ವರ್ಷ ಭಾರತೀಯರಿಗೆ ಸಿಗುತ್ತದೆ, ಆದರೆ ಅದನ್ನು ನಂಬಿ ಕೂರುವ ಹಾಗಿಲ್ಲ. ಈ ಸಂಖ್ಯೆಗಳನ್ನು ಬರೆದದ್ದು 1990ರ ಕಾಯಿದೆ. ಆಗ ಇಂಟರ್‌ನೆಟ್ ಮನೆಗಳಿಗೆ ಬಂದಿರಲಿಲ್ಲ. ಭಾರತದ ಸಾಫ್ಟ್‌ವೇರ್ ಕೆಲಸಗಾರರು ಲಕ್ಷಗಟ್ಟಲೆ ಅಲ್ಲಿಗೆ ಹೋಗುತ್ತಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ಲೆಕ್ಕ ಇವತ್ತಿಗೂ ಹಾಗೇ ಇದೆ. ನಿಮ್ಮ ತಮ್ಮನ ಸರದಿ ನಿಂತಿರುವುದು ಇದರ ಮುಂದೆ.

ಬದಲಾಯಿಸಲು ಯಾರೂ ಹೊರಡಲಿಲ್ಲ ಅಂತಲ್ಲ. 2013ರ ಜೂನ್‌ನಲ್ಲಿ ಎರಡೂ ಪಕ್ಷದ ಎಂಟು ಸೆನೆಟರುಗಳು ಸೇರಿ ಬರೆದ ದೊಡ್ಡ ಮಸೂದೆ ಸೆನೆಟ್ಟಿನಲ್ಲಿ 68-32ರಲ್ಲಿ ಗೆದ್ದಿತು. ದಾಖಲೆ ಇಲ್ಲದೆ ಇರುವವರಿಗೆ ಪೌರತ್ವದ ದಾರಿ, ಗಡಿಗೆ ಹಣ, ಉದ್ಯೋಗದ ಗ್ರೀನ್ ಕಾರ್ಡಿನ ದೇಶವಾರು ಮಿತಿ ರದ್ದು, ಎಲ್ಲ ಅದರಲ್ಲಿತ್ತು. ಪ್ರತಿನಿಧಿಗಳ ಸದನದ ಸ್ಪೀಕರ್ ಬೇನರ್ ಅದನ್ನು ಮತಕ್ಕೇ ಹಾಕಲಿಲ್ಲ. ತಮ್ಮ ಪಕ್ಷದ ಹೆಚ್ಚಿನವರಿಗೆ ಬೇಡವಾದ ಮಸೂದೆಯನ್ನು ತರಬಾರದು ಎಂಬ ಅಲಿಖಿತ ಪದ್ಧತಿ ಅಲ್ಲಿದೆ. ಸೋತಿದ್ದರೆ ಸೋತಿತು ಅನ್ನಬಹುದಿತ್ತು. ಮತವೇ ಆಗಲಿಲ್ಲ ಅನ್ನುವುದು ನನಗೆ ಈಗಲೂ ಸಂಕಟ.

ನಿಮ್ಮ ತಮ್ಮನಿಗೆ ಇನ್ನೂ ಹತ್ತಿರದ ಕಥೆ 2019ರದ್ದು. ದೇಶವಾರು ಮಿತಿಯನ್ನು ಮಾತ್ರ ತೆಗೆಯುವ ಸಣ್ಣ ಮಸೂದೆ ಜುಲೈನಲ್ಲಿ ಪ್ರತಿನಿಧಿಗಳ ಸದನದಲ್ಲಿ 365-65ರಲ್ಲಿ ಪಾಸಾಯಿತು. 2020ರ ಡಿಸೆಂಬರ್ 2ರಂದು ಸೆನೆಟ್ಟೂ ಒಂದೇ ಒಂದು ಆಕ್ಷೇಪವಿಲ್ಲದೆ ಒಪ್ಪಿತು. ಆದರೆ ಸೆನೆಟ್ ಒಪ್ಪಿದ್ದು ಬೇರೆ ರೂಪವನ್ನು. ಎರಡನ್ನೂ ಒಂದು ಮಾಡುವಷ್ಟರಲ್ಲಿ ಜನವರಿ 3 ಬಂತು, ಆ ಕಾಂಗ್ರೆಸ್ಸಿನ ಅವಧಿ ಮುಗಿಯಿತು. ಅಲ್ಲಿ ಎರಡು ವರ್ಷಕ್ಕೊಮ್ಮೆ ಬಾಕಿ ಮಸೂದೆಗಳೆಲ್ಲ ಸತ್ತುಹೋಗುತ್ತವೆ. ಮತ್ತೆ ಮೊದಲಿಂದ ಶುರು. ಇಷ್ಟು ಹತ್ತಿರ ಬಂದು ತಪ್ಪಿದ್ದು ತುಂಬ ಜನಕ್ಕೆ ಗೊತ್ತೇ ಇಲ್ಲ.

ಆ ಮಸೂದೆಗೆ ವಿರೋಧ ಇದ್ದವರ ವಾದವನ್ನೂ ಹೇಳಬೇಕು. ಒಟ್ಟು ಸಂಖ್ಯೆ ಹೆಚ್ಚಿಸದೆ ಮಿತಿ ಮಾತ್ರ ತೆಗೆದರೆ, ಭಾರತೀಯರ ಕಾಯುವಿಕೆ ಕಡಿಮೆಯಾಗಿ ಬೇರೆ ದೇಶದವರ ಕಾಯುವಿಕೆ ಹೆಚ್ಚುತ್ತದೆ ಎನ್ನುತ್ತಾರೆ. ಅದು ಸುಳ್ಳಲ್ಲ. ನನ್ನ ಪ್ರಕಾರ ಮಿತಿಯನ್ನೂ ತೆಗೆಯಬೇಕು, 1,40,000ವನ್ನೂ ಏರಿಸಬೇಕು. ಎರಡನ್ನೂ ಮಾಡುವ ಶಕ್ತಿ ಇರುವುದು ಕಾಂಗ್ರೆಸ್ಸಿಗೆ ಮಾತ್ರ. ಅಧ್ಯಕ್ಷರು ಎಷ್ಟೇ ಒಳ್ಳೆಯವರಿರಲಿ, ಈ ಸಂಖ್ಯೆಯನ್ನು ಮುಟ್ಟುವಂತಿಲ್ಲ.

ಸೆನೆಟ್ಟಿನ ಇನ್ನೊಂದು ಗಂಟು 60ರದ್ದು. ಚರ್ಚೆ ನಿಲ್ಲಿಸಿ ಮತಕ್ಕೆ ಹೋಗಲು 100ರಲ್ಲಿ 60 ಮತ ಬೇಕು. ಚಿಕ್ಕಂದಿನಲ್ಲಿ ಅಮೆರಿಕಕ್ಕೆ ಬಂದವರಿಗಾಗಿ ಇದ್ದ ಡ್ರೀಮ್ ಮಸೂದೆ 2010ರಲ್ಲಿ ಪ್ರತಿನಿಧಿಗಳ ಸದನ ಗೆದ್ದು, ಸೆನೆಟ್ಟಿನಲ್ಲಿ 55 ಮತ ಪಡೆದೂ ಸೋತಿತು. ಎರಡು ವರ್ಷ ಆದ ಮೇಲೆ ಒಬಾಮ ಸರ್ಕಾರ ಅದೇ ಯುವಕರಿಗೆ ಡಾಕಾ ಎಂಬ ತಾತ್ಕಾಲಿಕ ರಕ್ಷಣೆ ಕೊಟ್ಟಿತು, ಒಂದು ಇಲಾಖಾ ಪತ್ರದ ಮೂಲಕ. ಪತ್ರದಲ್ಲಿ ಬಂದದ್ದನ್ನು 2017ರಲ್ಲಿ ಟ್ರಂಪ್ ಸರ್ಕಾರ ಪತ್ರದಲ್ಲೇ ತೆಗೆಯಹೊರಟಿತು. 2020ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ತಡೆಯಿತು, ಅದೂ ತೆಗೆಯುವ ವಿಧಾನ ಸರಿಯಿಲ್ಲ ಎಂದು ಮಾತ್ರ. ಕೋರ್ಟಿನ ಜಗಳ ಮುಂದೆಯೂ ಮುಗಿಯಲಿಲ್ಲ. ಆ ಮಕ್ಕಳು ಈಗ ಮಧ್ಯವಯಸ್ಸಿಗೆ ಬರುತ್ತಿದ್ದಾರೆ, ಕೈಯಲ್ಲಿ ಇನ್ನೂ ಎರಡೆರಡು ವರ್ಷದ ಚೀಟಿ.

ಕಾಂಗ್ರೆಸ್ ಬಿಟ್ಟ ಜಾಗವನ್ನು ಎರಡೂ ಪಕ್ಷದ ಅಧ್ಯಕ್ಷರು ತುಂಬುತ್ತಾರೆ ಎಂಬುದಕ್ಕೆ 2024 ಒಳ್ಳೆಯ ಉದಾಹರಣೆ. ಲ್ಯಾಂಕ್‌ಫರ್ಡ್, ಸಿನೆಮಾ, ಮರ್ಫಿ ಎಂಬ ಮೂವರು ಸೆನೆಟರುಗಳು ತಿಂಗಳುಗಟ್ಟಲೆ ಕೂತು ಗಡಿಯ ಮಸೂದೆ ಬರೆದರು. ದಿನಕ್ಕೆ ಸರಾಸರಿ 5,000 ಜನ ಗಡಿ ದಾಟಿ ಬಂದರೆ ಆಶ್ರಯದ ಅರ್ಜಿಗಳನ್ನು ನಿಲ್ಲಿಸಬೇಕು ಎಂಬುದು ಅದರ ಒಂದು ಅಂಶ. ಫೆಬ್ರವರಿ 7ರಂದು 49-50ರಲ್ಲಿ ಬಿದ್ದಿತು. ಜೂನ್ 4ರಂದು ಬೈಡನ್ ಹೆಚ್ಚೂಕಡಿಮೆ ಅದೇ ವಿಚಾರವನ್ನು 2,500ರ ಮಿತಿ ಇಟ್ಟು ಘೋಷಣೆಯಲ್ಲಿ ತಂದರು. ಬಳಸಿದ್ದು ಅದೇ 212(ಎಫ್). ಅಂದರೆ ಆ ಸೆಕ್ಷನ್ನಿಗೆ ಪಕ್ಷ ಇಲ್ಲ.

ನಿಮ್ಮನ್ನು ಕಾಡಿದ ಶುಲ್ಕಕ್ಕೆ ಒಮ್ಮೆ ವಾಪಸ್ ಬರೋಣ. ಎಚ್-1ಬಿ ಅರ್ಜಿಗೆ ಶುಲ್ಕ ಎಷ್ಟು ಎಂದು ಕಾಂಗ್ರೆಸ್ ಕಾಯಿದೆಯಲ್ಲೇ ಬರೆದಿದೆ. ತರಬೇತಿ ನಿಧಿಗೆ 1,500 ಡಾಲರ್, 25 ಅಥವಾ ಅದಕ್ಕಿಂತ ಕಡಿಮೆ ಕೆಲಸಗಾರರ ಸಂಸ್ಥೆಯಾದರೆ 750. ಮೋಸ ತಡೆಯುವ ಲೆಕ್ಕಕ್ಕೆ 500. ಎಚ್-1ಬಿ ಮತ್ತು ಎಲ್-1 ಕೆಲಸಗಾರರೇ ಅರ್ಧಕ್ಕಿಂತ ಜಾಸ್ತಿ ಇರುವ ದೊಡ್ಡ ಕಂಪನಿಗಳಿಗೆ ಇನ್ನೂ 4,000. ಎಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದ್ದಾರೆ ನೋಡಿ. ಇಷ್ಟು ಬರೆದಿರುವಾಗ, ಪ್ರವೇಶ ತಡೆಯುವ ಸೆಕ್ಷನ್ ಹಿಡಿದು ಒಂದು ಲಕ್ಷ ಕಟ್ಟಿ ಅನ್ನಬಹುದೇ? ಅಮೆರಿಕದ ವಾಣಿಜ್ಯ ಮಂಡಳಿ ಸೇರಿ ಹಲವರು 2025ರ ಅಕ್ಟೋಬರಿನಲ್ಲಿ ಕೋರ್ಟಿಗೆ ಹೋದದ್ದು ಈ ಪ್ರಶ್ನೆ ಹಿಡಿದುಕೊಂಡೇ. ನನ್ನ ಅಭಿಪ್ರಾಯ ಖಚಿತ: ಹಣ ವಸೂಲಿ ಎಷ್ಟು, ಯಾರಿಂದ ಎಂದು ತೀರ್ಮಾನಿಸುವುದು ಕಾಂಗ್ರೆಸ್ಸಿನ ಕೆಲಸ. ಆದರೆ ಆ ಮಾತನ್ನು ಕಾಂಗ್ರೆಸ್ಸೇ ಎದ್ದುನಿಂತು ಹೇಳಬೇಕಿತ್ತು. ಮಾಲೀಕರು ಹೋಗಿ ಕೋರ್ಟಿನಲ್ಲಿ ಹೇಳುವಂತಾಯಿತು.

ಕೋರ್ಟುಗಳೂ ಈಗ ಚೆಂಡನ್ನು ಅತ್ತಲೇ ತಳ್ಳುತ್ತಿವೆ. ಬೈಡನ್ ಸರ್ಕಾರ ಯಾರನ್ನು ಮೊದಲು ಬಂಧಿಸಬೇಕು ಎಂದು ಆದ್ಯತೆ ಹಾಕಿಕೊಂಡದ್ದನ್ನು ಟೆಕ್ಸಸ್ ಮತ್ತು ಲೂಯಿಸಿಯಾನ ರಾಜ್ಯಗಳು ಪ್ರಶ್ನಿಸಿದ್ದವು. 2023ರಲ್ಲಿ ಸುಪ್ರೀಂ ಕೋರ್ಟ್ 8-1ರಲ್ಲಿ ಅದನ್ನು ತಳ್ಳಿಹಾಕಿತು. ಕಾರ್ಯಾಂಗವನ್ನು ಹಿಡಿಯಲು ಕಾಂಗ್ರೆಸ್ಸಿಗೆ ವಿಚಾರಣೆ ಇದೆ, ಬಜೆಟ್ ಇದೆ, ಕಾಯಿದೆ ಇದೆ, ನೇಮಕಾತಿಗೆ ಒಪ್ಪಿಗೆ ಕೊಡುವ ಅಧಿಕಾರ ಇದೆ ಎಂದು ತೀರ್ಪಿನಲ್ಲೇ ನೆನಪಿಸಿತು.

ಬಜೆಟ್ಟಿನ ಮಾತು ಬಂತು. ಹಣದ ಚೀಲ ಕಾಂಗ್ರೆಸ್ಸಿನ ಕೈಲಿದೆ ಎಂದು ಪಾಠದ ಪುಸ್ತಕದಲ್ಲಿ ಓದುತ್ತೇವೆ. ವರ್ಷ ವರ್ಷ ಹಣ ಕೊಡುವಾಗ ಷರತ್ತು ಹಾಕಬಹುದು, ಅದು ನಿಜ. ಬಂಧನ ಕೇಂದ್ರಗಳಿಗೆ ಸಂಸದರು ತಪಾಸಣೆಗೆ ಹೋದರೆ ತಡೆಯಲು ಈ ಹಣ ಬಳಸಬಾರದು ಎಂಬ ಷರತ್ತು ಹೀಗೇ ಬಂದದ್ದು. 2025ರಲ್ಲಿ ಮೊದಲೇ ತಿಳಿಸಿ ಬನ್ನಿ ಎಂದು ಇಲಾಖೆ ಹೇಳಿದಾಗ ಪ್ರತಿನಿಧಿಗಳ ಸದನದ 12 ಸದಸ್ಯರು ಆ ಷರತ್ತನ್ನೇ ಹಿಡಿದು ಕೋರ್ಟಿಗೆ ಹೋದರು. ಆದರೆ ಅದೇ 2025ರ ಜುಲೈ 4ರಂದು ಸಹಿಯಾದ ದೊಡ್ಡ ಬಜೆಟ್ ಕಾಯಿದೆ ವಲಸೆ ಜಾರಿ ಮತ್ತು ಗಡಿಗೆ ಸುಮಾರು 17,000 ಕೋಟಿ ಡಾಲರ್ ಕೊಟ್ಟಿತು. ಅದರಲ್ಲಿ 4,500 ಕೋಟಿ ಬಂಧನ ಕೇಂದ್ರಗಳಿಗೆ. ಇದನ್ನು ತಂದ ವಿಶೇಷ ಬಜೆಟ್ ವಿಧಾನಕ್ಕೆ 60ರ ಗಂಟು ಇಲ್ಲ, ಹಾಗಾಗಿ ಸೆನೆಟ್ಟಿನಲ್ಲಿ 50-50 ಆಗಿ ಉಪಾಧ್ಯಕ್ಷರ ಒಂದು ಮತದಿಂದ ಗೆದ್ದಿತು. ಹಲವು ವರ್ಷದ ಹಣವನ್ನು ಒಟ್ಟಿಗೆ ಕೊಟ್ಟ ಮೇಲೆ ಮುಂದಿನ ವರ್ಷ ಷರತ್ತು ಹಾಕಲು ಕೈಲಿ ಏನು ಉಳಿಯಿತು? ಇನ್ನು ನಿಮ್ಮ ತಮ್ಮನ ಅರ್ಜಿ ನೋಡುವ ಯುಎಸ್‌ಸಿಐಎಸ್ ನಡೆಯುವುದು ಬಹುಪಾಲು ಅರ್ಜಿದಾರರ ಶುಲ್ಕದಿಂದಲೇ. ಅಲ್ಲಿ ಬಜೆಟ್ಟಿನ ಹಿಡಿತ ಮೊದಲಿಂದಲೂ ಸಡಿಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಮೌನಕ್ಕೆ ಇರುವ ಅರ್ಥವನ್ನು ತಿರುಗಿಸಬೇಕು. ಈಗ ಕಾಂಗ್ರೆಸ್ ಸುಮ್ಮನಿದ್ದರೆ ಅಧ್ಯಕ್ಷರ ಆದೇಶ ಉಳಿಯುತ್ತದೆ. ಸುಮ್ಮನಿದ್ದರೆ ಆದೇಶ ಬಿದ್ದುಹೋಗುವ ಹಾಗೆ ಬರೆಯಬೇಕು. 2019ರಲ್ಲಿ ಅಧ್ಯಕ್ಷರ ಪಕ್ಷದವರೇ ಆದ ಸೆನೆಟರ್ ಮೈಕ್ ಲೀ ತಂದ ಮಸೂದೆಯಲ್ಲಿ ಇದೇ ಇತ್ತು: ಕಾಂಗ್ರೆಸ್ 30 ದಿನದೊಳಗೆ ಒಪ್ಪದಿದ್ದರೆ ತುರ್ತು ಪರಿಸ್ಥಿತಿ ತಾನಾಗಿ ಮುಗಿಯಬೇಕು. ಎರಡೂ ಸದನ ಒಪ್ಪಿ ಅಧ್ಯಕ್ಷರ ಸಹಿಯೂ ಬೀಳುವ ಒಪ್ಪಿಗೆ ಆದ್ದರಿಂದ ಛಡ್ಢಾ ತೀರ್ಪಿಗೆ ವಿರುದ್ಧವಾಗುವುದಿಲ್ಲ. 212(ಎಫ್) ಅನ್ನು ಬಿಗಿ ಮಾಡುವ ಮಸೂದೆ 2021ರ ಏಪ್ರಿಲ್‌ನಲ್ಲಿ ಪ್ರತಿನಿಧಿಗಳ ಸದನದಲ್ಲಿ ಪಾಸೂ ಆಗಿತ್ತು, ಸೆನೆಟ್ ಕೈಗೆತ್ತಿಕೊಳ್ಳಲಿಲ್ಲ. ಇಂಥವು ಪಾಸಾಗುವುದು ತಮ್ಮ ಅಧ್ಯಕ್ಷರು ಕುರ್ಚಿಯಲ್ಲಿದ್ದಾಗಲೂ ಅವರ ಪಕ್ಷದವರು ಮತ ಹಾಕಿದರೆ. ಕಷ್ಟ, ಆದರೆ 2019ರಲ್ಲಿ 12 ಜನ ಹಾಕಿದ್ದರು.

ಈಗ ನಿಮ್ಮ ತಮ್ಮನಿಗೆ. ಅವರು ಅಮೆರಿಕದ ಪ್ರಜೆಯಲ್ಲ, ಮತ ಇಲ್ಲ. ಆದರೂ ಅವರು ವಾಸವಿರುವ ಕ್ಷೇತ್ರದ ಪ್ರತಿನಿಧಿ ಅವರಿಗೂ ಪ್ರತಿನಿಧಿಯೇ. ಪ್ರತಿಯೊಬ್ಬ ಪ್ರತಿನಿಧಿ ಮತ್ತು ಸೆನೆಟರ್ ಕಚೇರಿಯಲ್ಲಿ ವಲಸೆ ಅರ್ಜಿಗಳ ದೂರು ನೋಡಲು ಸಿಬ್ಬಂದಿ ಇರುತ್ತಾರೆ. ಹೆಂಡತಿಯ ಕೆಲಸದ ಕಾರ್ಡು ತಡವಾದರೆ, ಕಡತ ಎಲ್ಲಿದೆ ಎಂದೇ ಗೊತ್ತಾಗದಿದ್ದರೆ ಅಲ್ಲಿ ಬರೆಯಲಿ. ತಮ್ಮ ವಿವರ ಕೇಳಲು ಒಪ್ಪಿಗೆ ಇದೆ ಎಂಬ ಒಂದು ಫಾರಂಗೆ ಸಹಿ ಹಾಕಬೇಕು, ಹಣ ಕಟ್ಟಬೇಕಿಲ್ಲ. ಅವರು ಸರದಿಯನ್ನು ಮುಂದೆ ಮಾಡಲಾರರು, ಕಳೆದುಹೋದ ಕಡತವನ್ನು ಹುಡುಕಿಸಬಲ್ಲರು.

ಮಗಳ ವಿಷಯ ನೀವು ಒಂದು ಸಾಲಿನಲ್ಲಿ ಬರೆದು ಬಿಟ್ಟಿದ್ದೀರಿ, ನನಗೆ ಅದೇ ಜಾಸ್ತಿ ಚಿಂತೆ. ಕಾಯಿದೆ ಪ್ರಕಾರ 21 ತುಂಬಿದರೆ ಅವಳು ಮಗು ಅಲ್ಲ. ಅಷ್ಟರಲ್ಲಿ ಸರದಿ ಬರದಿದ್ದರೆ ಅಪ್ಪನ ಅರ್ಜಿಯಿಂದ ಹೊರಗೆ. 2002ರ ಒಂದು ಕಾಯಿದೆ ಅರ್ಜಿ ಪರಿಶೀಲನೆಗೆ ಹಿಡಿದ ಕಾಲವನ್ನು ವಯಸ್ಸಿನಿಂದ ಕಳೆಯಲು ಬಿಡುತ್ತದೆ, ಸರದಿಯಲ್ಲಿ ಕಾದ ವರ್ಷಗಳನ್ನಲ್ಲ. ಇಂಥ ಮಕ್ಕಳಿಗಾಗಿ ಸೆನೆಟರುಗಳಾದ ಪಡಿಯಾ ಮತ್ತು ರ‍್ಯಾಂಡ್ ಪಾಲ್ 2021ರಲ್ಲಿ ಒಂದು ಮಸೂದೆ ತಂದರು. ಒಬ್ಬರು ಡೆಮಾಕ್ರಾಟ್, ಇನ್ನೊಬ್ಬರು ರಿಪಬ್ಲಿಕನ್. ಅದು ಪಾಸಾಗಲಿಲ್ಲ. ಅವಳಿಗಿರುವುದು ಏಳು ವರ್ಷ, ಅಂದರೆ ಎರಡೆರಡು ವರ್ಷದ ಮೂರು ಕಾಂಗ್ರೆಸ್ಸುಗಳು, ನಾಲ್ಕನೆಯದರ ಒಂದಿಷ್ಟು. ಪ್ರತಿನಿಧಿಯ ಕಚೇರಿಗೆ ಬರೆಯುವಾಗ ಅವರು ತಮ್ಮ ಸಂಬಳ, ಕಟ್ಟಿದ ತೆರಿಗೆಯ ಲೆಕ್ಕಕ್ಕಿಂತ ಮೊದಲು ಅವಳ ಬಗ್ಗೆ ಬರೆಯಲಿ: ಎಷ್ಟನೇ ವಯಸ್ಸಿಗೆ ಬಂದಳು, ಯಾವ ಶಾಲೆ, ಯಾವ ವರ್ಷ 21 ತುಂಬುತ್ತದೆ. ಆ ಇಸವಿಯನ್ನು ತಪ್ಪದೆ ಬರೆಯಲಿ.